ರೋಗಿ ಮಕ್ಕಳಿಗೆ ನಾನು ಕೊಟ್ಟ ರಜೆ

ಬಸಮ್ಮನವರೇ, ತಪಾಸಣೆಯ ದಿನ ನಿಮ್ಮ ಮಗಳು ತಿಪ್ಪಮ್ಮನಿಗೆ ಶಾಲೆಗೆ ಬರಬೇಡ ಎಂದವನು ನಾನೇ. ಅವಳೊಬ್ಬಳಿಗಲ್ಲ — ಚಳಿಜ್ವರದಿಂದ ಸೊರಗಿದ ಹನ್ನೊಂದು ಮಕ್ಕಳಿಗೆ. ನಿಮಗಿದು ಆಗಲೇ ಗೊತ್ತಿತ್ತು. ನನ್ನ ಬಾಯಿಂದ ಕೇಳಿರಲಿಲ್ಲ, ಅಷ್ಟೆ.

ಚಿತ್ತವಾಡ್ಗಿಯ ಆ ಸಣ್ಣ ಶಾಲೆಗೆ ಆಗ ನಾನು ಹೆಡ್ ಮಾಸ್ತರ. ಇಬ್ಬರೇ ಮಾಸ್ತರರಿದ್ದರೂ ಸಿಂಹಾಸನ ಸಿಂಹಾಸನವೇ. ಕಾಲುವೆ ಪಕ್ಕದ ಊರುಗಳಲ್ಲಿ ಈ ಜ್ವರ ಎಷ್ಟಿದೆಯೆಂದು ಶೋಧಿಸಲು ಮದರಾಸಿನಿಂದ ಹುಕುಂ ಆಗಿತ್ತು. ಡಾಕ್ಟರು ಶಾಲೆಯಿಂದ ಶಾಲೆಗೆ ಹೋಗಿ, ಗುಲ್ಮ ಊದಿದೆಯೇ ಎಂದು ಮಕ್ಕಳ ಹೊಟ್ಟೆ ಒತ್ತಿ ನೋಡುತ್ತಿದ್ದರು. ಜ್ವರದ ಗುರುತು ಹೆಚ್ಚು ಕಂಡಲ್ಲಿಗೆ ಕ್ವಿನೈನ್ ಗುಳಿಗೆ ಕೊಡಿಸುತ್ತಿದ್ದರು. ನನಗೋ ಅದೂ ಒಂದು ಪರೀಕ್ಷೆಯಾಗಿ ಕಂಡಿತು. ಪರೀಕ್ಷೆಯೆಂದ ಮೇಲೆ ಶಾಲೆ ಪಾಸಾಗಬೇಕಲ್ಲ? ಇನ್ಸ್‌ಪೆಕ್ಟರು ಬಂದಾಗ ಓದು ಬಾರದವರಿಗೆ ರಜೆ ಕೊಡುವುದು ನಮ್ಮ ಪದ್ಧತಿ. ಅಂದು ರೋಗಿಗಳಿಗೆ ಕೊಟ್ಟೆ. ಗರಡಿಯವರ ಮಕ್ಕಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದೆ. 'ಆರೋಗ್ಯ ಉತ್ತಮ' ಎಂದು ಡಾಕ್ಟರು ಬರೆದರು. ಆ ಸಂಜೆ ಪೇಟೆಯಲ್ಲಿ ನಾನು ನಡೆದ ಠೀವಿ — ಈಗ ನೆನೆದರೆ —

ನಮಗೆ ಗುಳಿಗೆ ಕೊಡದೆ ಡಾಕ್ಟರು ಕ್ವಿನೈನ್ ಸಮೇತ ಕಂಪ್ಲಿಗೆ ಹೋದರು. ತಿಂಗಳೊಳಗೆ ತಿಪ್ಪಮ್ಮ ಕಣ್ಣು ಬಿಡದಂತಾದಳು. ನೀವು ಸೊಪ್ಪು ಮಾರುವುದನ್ನು ಬಿಟ್ಟು, ಸಿಕ್ಕ ಬಂಡಿ ಹತ್ತಿ ಕಂಪ್ಲಿಗೆ ಹೋಗಿ ಅವರನ್ನು ಕರೆತಂದಿರಿ. ಅವರು ನನ್ನನ್ನು ನಿಮ್ಮ ಬಾಗಿಲಿಗೇ ಕರೆಸಿದರು.

"ಈ ಹುಡುಗಿ ಅವತ್ತು ಎಲ್ಲಿದ್ದಳು, ಮಾಸ್ತರೇ?"

ನನಗಿಂತ ಮೊದಲು ನೀವೇ ಅಂದಿರಿ: "ಊರಾಗ ಇರಲಿಲ್ರಿ ಸಾಹೇಬ್ರ, ಸಂಡೂರಿಗೆ ನನ್ನ ತವರಿಗೆ ಕರಕೊಂಡು ಹೋಗಿದ್ದೆ. ಮಾಸ್ತರ್ದು ಏನೂ ತಪ್ಪಿಲ್ಲ. ಮೊದ್ಲು ಹುಡುಗೀನ್ನ ನೋಡ್ರಿ."

"ಹೌದೇನ್ರಿ?" ಎಂದು ಡಾಕ್ಟರು ನನ್ನತ್ತ ತಿರುಗಿದರು.

"ಹೌದ್ರಿ," ಎಂದೆ.

ಅವರು ಒಳಗೆ ಹೋದ ಮೇಲೆ ನೀವು ತಣ್ಣಗೆ ಹೇಳಿದಿರಿ: "ಉಳಿದ ಹತ್ತು ಮಕ್ಳನ್ನೂ ಜಲ್ದಿ ಕರೀರಿ, ಮಾಸ್ತರ. ಈ ಸಲ ರಜಾ ಬ್ಯಾಡ."

ಮನೆ ಮನೆಗೆ ಓಡಿದೆ — ನನ್ನ ಪಂಚೆಗೂ ಗಾಂಭೀರ್ಯಕ್ಕೂ ಅದು ಒಗ್ಗದ ಕೆಲಸ. ತಿಂಗಳೊಳಗೆ ಹಬ್ಬಿದ ಜ್ವರವೆಂದುಕೊಂಡ ಡಾಕ್ಟರು ಎಲ್ಲರಿಗೂ ಗುಳಿಗೆ ಕೊಟ್ಟರು. ಹನ್ನೊಂದೂ ಮಕ್ಕಳು ಬದುಕಿದರು. ತಿಪ್ಪಮ್ಮ ಎಲ್ಲರಿಗಿಂತ ತಡವಾಗಿ ಎದ್ದಳು. ಅವರನ್ನು ಉಳಿಸಿದವರು ನೀವು. ನನ್ನ ಕೆಲಸ ಉಳಿಸಿದವರೂ ನೀವೇ. ಅದಕ್ಕೆ ನಾನು ಅರ್ಹನಾಗಿರಲಿಲ್ಲ. ನಿಮ್ಮ ಋಣವನ್ನು ದಿನವೂ ನೆನೆದಿದ್ದೇನೆ, ತಾಯಿ — ಮನಸ್ಸಿನಲ್ಲಿ, ಯಾರಿಗೂ ಕೇಳದಂತೆ.

ಮಗಳ ಮೈ ಸುಡುತ್ತಿದ್ದಾಗ ನನ್ನೊಂದಿಗೆ ವಾದಿಸಲು ನಿಮಗೆ ಹೊತ್ತಿರಲಿಲ್ಲ, ಸುಳ್ಳು ಹೇಳಿದಿರಿ. ನಿಜ ಹೇಳಲು ನನಗೆ ಹದಿನೆಂಟು ವರ್ಷವಿತ್ತು. ಇವತ್ತಿನವರೆಗೂ ಹೇಳಲಿಲ್ಲ.