ಹಲ್ವಾ ಡಬ್ಬಿಯೊಳಗಿನ ಕಪ್ಪು ಮೂತಿ

೧೯೬೮ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸು, ವರ್ಷದ ನಡುವೆ. ಫೇಲಾಗಿ ಅಲ್ಲ. ಮನೆಯಲ್ಲಿ ಅಕ್ಕಿ ಇರಲಿಲ್ಲ, ಪೇಟೆಯ ಕಬ್ಬಿಣ ಕಡೆಯುವ ಲೇಥ್ ಅಂಗಡಿಯಲ್ಲಿ ಮಧ್ಯಾಹ್ನದ ಊಟ ಕೊಡುತ್ತಿದ್ದರು. ಅಷ್ಟೇ ಕಾರಣ.

ಇದನ್ನು ಹಿಂದೆಯೂ ಈ ಅಂಕಣದಲ್ಲಿ ಬರೆದಿದ್ದೇನೆ. ಮತ್ತೆ ಬರೆಯುವ ಹಾಗೆ ಮಾಡಿದ್ದು ಕಳೆದ ಶುಕ್ರವಾರದ ಒಂದು ಊಟ. ಒಮಾನಿನ ರೂವಿಯ ಒಂದು ಫ್ಲಾಟಿನಲ್ಲಿ ನಮ್ಮ ಕಡೆಯವರೆಲ್ಲ ಸೇರಿದ್ದೆವು. ಬಟ್ಟಲಿಗೆ ಕೋರಿ ರೊಟ್ಟಿಯ ಒಣ ರೊಟ್ಟಿ ಬಿದ್ದಿತ್ತು, ಕೋಳಿ ಸಾರು ಇನ್ನೂ ಬಿದ್ದಿರಲಿಲ್ಲ. ಆಗ ಒಬ್ಬರು ನನ್ನ ಮುಖ ನೋಡಿಯೇ ಹೇಳಿದರು: "ನಾಲ್ಕಕ್ಷರ ಹೆಚ್ಚು ಓದಿದ್ರೆ ನೀವು ಹಾಗೆ ಮಾಡ್ತಿರ್ಲಿಲ್ಲ ಸಂಜೀವಣ್ಣ."

ಹಾಗೆ ಅಂದರೆ ಹೇಗೆ? ನೀವೇ ಕೇಳಿ.

ಇಲ್ಲಿನ ಕಡಲ ಬದಿಯ ಊರು ಸುವೈಕಿನಲ್ಲಿ ನನ್ನದೊಂದು ವರ್ಕ್‌ಶಾಪ್ ಇರುವುದು ನಿಮಗೆ ಗೊತ್ತು. ಖರ್ಜೂರದ ತೋಟಗಳ ಪಂಪು, ಮೀನಿನ ದೋಣಿಗಳ ಎಂಜಿನ್ನು, ಇವುಗಳ ಸವೆದ ಭಾಗಗಳನ್ನು ಹೊಸದಾಗಿ ಕಡೆದು ಕೊಡುವುದು ನನ್ನ ಕೆಲಸ. ಕೆಲವು ತಿಂಗಳ ಹಿಂದೆ ಒಂದು ಶುಕ್ರವಾರ ದಿನಕರ ಬಂದ. (ಹೆಸರು ಬದಲಿಸಿದ್ದೇನೆ. ಬದಲಿಸಿದರೂ ರೂವಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಆಗಲಿ.) ದೊಡ್ಡ ಕಂಪನಿಯ ಎಂಜಿನಿಯರ್. ಅಮೆರಿಕದ ಬಂದೂಕಿನ ಮ್ಯಾಗಜೀನು ತರಿಸಿ ಓದುವುದು ಅವನ ಹವ್ಯಾಸ. ಅವನ ಆಫೀಸಿನ ಒಬ್ಬ ಒಮಾನಿಯ ಬಳಿ ಲೈಸೆನ್ಸಿನ ರೈಫಲ್ ಇದೆ. ರಜೆಯ ದಿನ ಇಬ್ಬರೂ ಗುಡ್ಡದ ಕಡೆ ಹೋಗಿ ಕಲ್ಲಿಗೆ ಗುರಿ ಇಡುತ್ತಾರೆ. ಕಲ್ಲು ಏನು ತಪ್ಪು ಮಾಡಿತ್ತೋ.

"ಸಂಜೀವಣ್ಣ, ಒಂದು ಸಣ್ಣ ಅಚ್ಚು ಕಡೆದು ಕೊಡ್ಬೇಕು. ಖಾಲಿ ತೋಟೆಗೆ ಪುನಃ ಮದ್ದು, ಗುಂಡು ತುಂಬ್ಸುದಕ್ಕೆ."

ಕೈಯಲ್ಲಿ ಹಲ್ವಾದ ಡಬ್ಬಿ. ನಾನು ಹಲ್ವಾ ಎಂದೇ ಕೈ ಚಾಚಿದ್ದೆ. ಮುಚ್ಚಳ ತೆಗೆದರೆ ಹಾರಿಸಿ ಖಾಲಿಯಾದ ಹಿತ್ತಾಳೆಯ ತೋಟೆಗಳು. ಅವುಗಳ ಕೆಳಗೆ, ಪೇಪರಿನಲ್ಲಿ ಸುತ್ತಿ, ಹಾರಿಸದೆ ಉಳಿದ ಕೆಲವು. ತುದಿಗೆ ಕಪ್ಪು ಬಣ್ಣ.

"ಇದೆಂತ, ಮೂತಿ ಸುಟ್ಟದ್ದು?"

"ಸುಟ್ಟದ್ದಲ್ಲ. ಒಳಗೆ ಗಟ್ಟಿ ಉಕ್ಕು ಉಂಟು. ಕಬ್ಬಿಣದ ತಗಡು ತೂತು ಮಾಡಿ ಆಚೆ ಹೋಗ್ತದೆ. ಮಿಲಿಟರಿಯದ್ದು. ಗುಡ್ಡದ ಹತ್ರ ಬಿದ್ದು ಸಿಕ್ಕಿತು."

"ನಿನಗೆಂತಕ್ಕೆ ಮಾರಾಯ? ರೂವಿಯಲ್ಲಿ ನಿನ್ನ ಮೇಲೆ ಟ್ಯಾಂಕ್ ಬಿಡುವವರು ಯಾರಿದ್ದಾರೆ?"

"ಸುಮ್ನೆ. ಇಂಟರೆಸ್ಟ್. ಇಂಥದ್ದೇ ನಾವೂ ತುಂಬಿಸ್ಲಿಕ್ಕೆ ಆಗ್ತದಾ ನೋಡುವ ಅಂತ."

ನಾನು ಕೇಳಿದ್ದು ಒಂದೇ: ಇದು ಕಾನೂನಿಗೆ ಸರಿಯಾ?

ಅವನು ಸ್ಟೂಲ್ ಎಳೆದು ಕುಳಿತ. ಪಾಠ ಶುರು. ರೈಫಲ್ ನನ್ನದಲ್ಲ, ಹಾಗಾಗಿ ಲೈಸೆನ್ಸಿನ ಪ್ರಶ್ನೆಯೇ ಇಲ್ಲ. ಗುಂಡು ನಾನು ಕೊಂಡದ್ದಲ್ಲ, ನೆಲದಲ್ಲಿ ಸಿಕ್ಕಿದ್ದು, ಸಿಕ್ಕಿದ್ದು ಸಿಕ್ಕಿದವನದ್ದು. ಖಾಲಿ ತೋಟೆ ತುಂಬಿಸುವುದು ಗ್ಯಾಸ್ ಸಿಲಿಂಡರ್ ತುಂಬಿಸಿದ ಹಾಗೆ. ಅಮೆರಿಕದಲ್ಲಿ ಜನ ಮನೆಯ ಗ್ಯಾರೇಜಿನಲ್ಲಿ ಕೂತು ತುಂಬಿಸುತ್ತಾರೆ. ಇಲ್ಲಿ ಮದುವೆಗೆ ಬಂದವರು ಆಕಾಶಕ್ಕೆ ಗುಂಡು ಹಾರಿಸುವುದಿಲ್ಲವೇ? ಯಾರು ಕೇಳುತ್ತಾರೆ? "ಮಾಡ್ಬಾರ್ದು ಅಂತ ಎಲ್ಲಿ ಬರ್ದಿದೆ, ತೋರ್ಸಿ ನೋಡುವ."

ಎಲ್ಲಿ ತೋರಿಸಲಿ? ಒಮಾನಿನ ಕಾನೂನು ಇರುವುದು ಅರಬಿಯಲ್ಲಿ. ಅವನಿಗೂ ಅರಬಿ ಓದಲು ಬರುವುದಿಲ್ಲ, ನನಗೂ ಬರುವುದಿಲ್ಲ. ವ್ಯತ್ಯಾಸ ಇಷ್ಟೇ. ಓದಲು ಬಾರದ್ದನ್ನು ನಾನು 'ಗೊತ್ತಿಲ್ಲ' ಎನ್ನುತ್ತೇನೆ, ಅವನು 'ಬರೆದಿಲ್ಲ' ಎನ್ನುತ್ತಾನೆ. ಈ ಎರಡನೆಯದನ್ನು ಹೇಳಲು ಡಿಗ್ರಿ ಬೇಕು ಅಂತ ಕಾಣುತ್ತದೆ.

ನಮ್ಮೂರಿನ ಕೋವಿಗಳು ನೆನಪಿವೆಯೇ? ಹಂದಿ ಓಡಿಸುವುದಕ್ಕೆಂದು ನನ್ನ ಸೋದರಮಾವನ ಮನೆಯಲ್ಲಿ ಒಂದು ಒಂಟಿ ನಳಿಗೆಯ ಕೋವಿ ಇತ್ತು. ಚುನಾವಣೆ ಬಂತೆಂದರೆ ಮಾವ ಅದನ್ನು ಗೋಣಿಯಲ್ಲಿ ಸುತ್ತಿ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು. ಫಲಿತಾಂಶ ಬಂದ ಮೇಲೆ ವಾಪಸು. ಹಂದಿಯನ್ನು ಹೆದರಿಸಲೂ ಆಗದ ಆ ಮುದಿ ಕೋವಿಗೆ ಅಷ್ಟು ಶಿಸ್ತು. ದಿನಕರ ಅದೇ ಊರಿನವನು. ಅವನ ಅಜ್ಜನೂ ಕೋವಿ ಹೊತ್ತುಕೊಂಡು ಹೋಗಿ ಸ್ಟೇಷನ್ನಿನ ಜಗಲಿಯಲ್ಲಿ ಕಾದವರೇ. ವಿಮಾನ ಹತ್ತಿ ಸಮುದ್ರ ದಾಟಿದ ಕೂಡಲೇ ಇದೆಲ್ಲ ಮರೆತು ಹೋಗುವುದು ಹೇಗೆ?

"ನನ್ನ ಲೇಥಿನಲ್ಲಿ ಆಗುದಿಲ್ಲ," ಎಂದೆ.

"ಹೆದರಿಕೆಯಾ?"

"ಹೌದು."

ಅವನು ನಕ್ಕ. ನನ್ನ ಚಾ ಕುಡಿದ. ಕೈ ತೊಳೆಯುತ್ತೇನೆಂದು ಒಳಗೆ ಹೋಗಿ ಬಂದ, ಕಾರು ಹತ್ತಿದ.

ಮರುದಿನ ಬೆಳಿಗ್ಗೆ ಟೂಲ್ಸಿನ ಡ್ರಾಯರ್ ಎಳೆದರೆ ಹಲ್ವಾ ಡಬ್ಬಿ.

ಫೋನ್ ಮಾಡಿದೆ. "ಇದೆಂತ ದಿನಕರ, ಬಿಟ್ಟು ಹೋಗಿದ್ದೀ?"

"ಇರ್ಲಿ ಸಂಜೀವಣ್ಣ. ನೀವು ಸ್ವಲ್ಪ ಯೋಚನೆ ಮಾಡಿ. ಇನ್ನೊಂದು ಸಲ ಬರ್ತೇನೆ."

"ಈಗಲೇ ಬಂದು ತಕೊಂಡು ಹೋಗು."

"ಫ್ಲಾಟಿನಲ್ಲಿ ಇಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಮಕ್ಕಳು ಉಂಟಲ್ಲ."

ಈ ಮಾತನ್ನು ಇನ್ನೊಮ್ಮೆ ಓದಿ. ಕಾನೂನಿಗೆ ಸರಿ, ಅಮೆರಿಕಕ್ಕೆ ಸರಿ, ಗ್ಯಾಸ್ ಸಿಲಿಂಡರಿನ ಹಾಗೆ ಸರಿ. ಆದರೆ ಅವನ ಮನೆಯಲ್ಲಿ ಇಡುವ ಹಾಗಿಲ್ಲ. ನನ್ನ ಡ್ರಾಯರಿನಲ್ಲಿ ಇಡಬಹುದು.

ಗಲ್ಫಿಗೆ ಬಂದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಊರಿನ ಓದುಗರಿಗಾಗಿ ಹೇಳುತ್ತೇನೆ. ವರ್ಕ್‌ಶಾಪ್ ನಾನು ಕಟ್ಟಿದ್ದಾದರೂ ಅದರ ಪರವಾನಗಿ ಕಫೀಲರ ಹೆಸರಿನಲ್ಲಿ. ಕಫೀಲ್ ಅಂದರೆ ನಮಗೆ ವೀಸಾ ಕೊಟ್ಟು, ನಮ್ಮ ಜವಾಬ್ದಾರಿ ಹೊತ್ತ ಈ ದೇಶದ ಮನುಷ್ಯ. ನನ್ನ ವೀಸಾ ಅವರದ್ದು, ನನ್ನ ಕೆಲಸಗಾರರ ವೀಸಾ ಅವರದ್ದು. ಆ ಡಬ್ಬಿ ನನ್ನ ಡ್ರಾಯರಿನಲ್ಲಿ ಸಿಕ್ಕರೆ ಕೇಳುವುದು ದಿನಕರನನ್ನಲ್ಲ. ಬಾಗಿಲು ಬೀಳುವುದು ವರ್ಕ್‌ಶಾಪಿಗೆ, ವಿಮಾನ ಹತ್ತುವುದು ನಾವು.

ಸಮುದ್ರಕ್ಕೆ ಎಸೆಯಲೇ? ಬಲೆಗೆ ಸಿಕ್ಕರೆ? ಕಸಕ್ಕೆ ಹಾಕಲೇ? ಬೆಂಕಿ ಬಿದ್ದರೆ? ಡಬ್ಬಿಯನ್ನು ಡ್ರಾಯರಿನಲ್ಲೇ ಬಿಟ್ಟು ಬೀಗ ಹಾಕಿ ನೇರವಾಗಿ ಕಫೀಲರ ಮನೆಗೆ ಹೋದೆ.

ನನ್ನ ಕಫೀಲರು ಮುದುಕರು. ಅವರ ಮಜ್ಲಿಸಿನ, ಅಂದರೆ ಬಂದವರನ್ನು ಕೂರಿಸುವ ಕೋಣೆಯ, ಗೋಡೆಯಲ್ಲಿ ಅವರ ತಂದೆಯ ರೈಫಲ್ ತೂಗುತ್ತದೆ, ಬೆಲ್ಟು ಬೆವರಿನಿಂದ ಕಪ್ಪಾಗಿದೆ. ಮದುವೆಗೆ ಅದನ್ನು ಹೆಗಲಿಗೆ ಹಾಕದೆ ಅವರು ಹೋದದ್ದನ್ನು ನಾನು ನೋಡಿಲ್ಲ. ಅದಕ್ಕೆ ಪರವಾನಗಿ ಇದೆ, ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನನ್ನ ಜೊತೆ ಬಂದು ಡಬ್ಬಿ ನೋಡಿದರು. ಖಾಲಿ ತೋಟೆಗಳನ್ನು ಕೈಯಲ್ಲಿ ಆಡಿಸಿದರು. "ಹಿಂದೆ ನನ್ನ ತಂದೆ ಮನೆಯಲ್ಲೇ ತುಂಬಿಸುತ್ತಿದ್ದರು. ಆ ಕಾಲ ಖಲಾಸ್," ಎಂದರು. (ನಮ್ಮಿಬ್ಬರ ಮಾತು ಹಿಂದಿ ಅರಬಿ ಸೇರಿದ ಕಿಚಡಿ. ಕನ್ನಡಕ್ಕೆ ನಾನೇ ತಂದಿದ್ದೇನೆ.) ಆಮೇಲೆ ಪೇಪರ್ ಬಿಡಿಸಿದರು. ಕಪ್ಪು ಮೂತಿ ಕಂಡದ್ದೇ ನಗು ನಿಂತಿತು.

"ಇದು ಆಡು ಹೊಡೆಯುವುದಲ್ಲ. ಇದು ಸರ್ಕಾರದ ಗಾಡಿ ಹೊಡೆಯುವುದು. ಯಾರದ್ದು?"

ಹೇಳಿದೆ.

ಪೇಪರ್ ಮತ್ತೆ ಸುತ್ತಿ, ಡಬ್ಬಿ ಮುಚ್ಚಿ ಎದ್ದರು. "ಯಲ್ಲಾ, ಪೊಲೀಸಿಗೆ ಹೋಗೋಣ. ನನ್ನ ಜಮೀನಿನಲ್ಲಿ ಬಿದ್ದಿತ್ತು ಅಂತ ನಾನು ಹೇಳುತ್ತೇನೆ. ಮುದುಕನ ಮಾತು, ಯಾರೂ ಹೆಚ್ಚು ಕೇಳುವುದಿಲ್ಲ. ನೀನು ಬಾಯಿ ಮುಚ್ಚಿಕೊಂಡಿರು."

ದಾರಿಯುದ್ದಕ್ಕೂ ಡಬ್ಬಿ ಅವರ ತೊಡೆಯ ಮೇಲೆ. ಅವರ ಗಾಡಿಯನ್ನು ನಾನು ಡ್ರೈವ್ ಮಾಡುತ್ತಿದ್ದೆ. ಸುಳ್ಳು ಸಿಕ್ಕಿಬಿದ್ದರೆ ಮೊದಲು ಹೋಗುವುದು ಗೋಡೆಯ ಮೇಲಿನ ಆ ರೈಫಲ್. ತಂದೆಯ ರೈಫಲ್ ಇಲ್ಲದೆ ಈ ಮನುಷ್ಯ ಮದುವೆಗೆ ಹೇಗೆ ಹೋಗಬೇಕು? ಯಾರಿಗಾಗಿ? ನನ್ನ ಚಾ ಕುಡಿದು, ನನ್ನ ಡ್ರಾಯರಿನಲ್ಲಿ ತನ್ನ ಇಂಟರೆಸ್ಟ್ ಇಟ್ಟು ಹೋದವನಿಗಾಗಿ?

ಸ್ಟೇಷನ್ನಿನಲ್ಲಿ ಆಫೀಸರ್ ಮುಚ್ಚಳ ತೆಗೆದು ನೋಡಿ, ಮುಚ್ಚಿದ. ಮತ್ತೆ ಅದನ್ನು ಮುಟ್ಟಲಿಲ್ಲ. ಯಾರದ್ದು ಎಂದು ಹಿಂದಿಯಲ್ಲೇ ಕೇಳಿದ. ಕಫೀಲರು ಬಾಯಿ ತೆರೆಯುವ ಮೊದಲು ನಾನು ದಿನಕರನ ಪೂರ್ತಿ ಹೆಸರು ಹೇಳಿದೆ. ಕಂಪನಿಯ ಹೆಸರೂ ಹೇಳಿದೆ. ಕಫೀಲರು ನನ್ನ ಕಡೆ ತಿರುಗಿ ನೋಡಿದರು.

ದಿನಕರನಿಗೆ ಏನಾಯಿತು? ಜೈಲಾಗಲಿಲ್ಲ, ಗಾಬರಿ ಬೇಡ. ಕರೆಸಿದರು, ಕೂರಿಸಿದರು. ಕಂಪನಿಯ ಕಡೆಯ ಅರಬಿಯೊಬ್ಬರು ಬಂದು ಕಾಡಿ ಬೇಡಿ ಬಿಡಿಸಿಕೊಂಡರು. ಇನ್ನು ಇಂಥದ್ದನ್ನು ಮುಟ್ಟುವುದಿಲ್ಲ ಎಂದು ಪೊಲೀಸರು ಮುಚ್ಚಳಿಕೆ ಬರೆಸಿಕೊಂಡರು. ಅರಬಿಯಲ್ಲಿ. 'ಎಲ್ಲಿ ಬರೆದಿದೆ' ಎಂದು ಕೇಳುತ್ತಿದ್ದವನು ಏನು ಬರೆದಿದೆ ಎಂದು ಕೇಳದೆ ಸಹಿ ಹಾಕಿದ. ಈ ವರ್ಷ ಆಗಬೇಕಿದ್ದ ಪ್ರಮೋಷನ್ ಹೋಯಿತು. ಮ್ಯಾಗಜೀನು ಈಗ ತರಿಸುವುದಿಲ್ಲವಂತೆ.

ಆಮೇಲೆ ಬಂತು ರೂವಿಯ ಊಟ, ರೂವಿಯ ನ್ಯಾಯ.

"ನಮ್ಮವನನ್ನು ಅರಬಿಗೆ ಕೊಟ್ಟುಬಿಟ್ರಲ್ಲ."

"ಆ ಮುದುಕರೇ ಹೇಳ್ತೇನೆ ಅಂದಿದ್ರಂತೆ. ನೀವು ಸುಮ್ನೆ ಕೂತಿದ್ರೆ ಆಗ್ತಿತ್ತು."

ಆಗ್ತಿತ್ತು. ಆಫೀಸಿನ ಟೈ ಕಟ್ಟಿದ ನಮ್ಮವನ ತಪ್ಪನ್ನು ಹೊರಲು ಒಬ್ಬ ಮುದುಕ ಸಿಕ್ಕಿದ್ದ, ಬಿಟ್ಟುಬಿಟ್ಟೆನಲ್ಲ. ಕೋಳಿ ಸಾರು ಬಡಿಸುತ್ತಿದ್ದವರು ನನ್ನ ಬಟ್ಟಲನ್ನು ದಾಟಿ ಮುಂದೆ ಹೋದರು. 'ನಮ್ಮವನು' ಅಂದರೆ ಯಾರು ಎಂದು ಕೇಳಿದೆ. ದಿನಕರ ನಮ್ಮವನು, ಸರಿ. ನನ್ನ ವರ್ಕ್‌ಶಾಪಿನಲ್ಲಿ ಗ್ರೀಸು ಮೆತ್ತಿಕೊಂಡು ದುಡಿಯುವ ಹುಡುಗರು ಬಂಟ್ವಾಳ, ಕುಂದಾಪುರದವರು. ಅವರು ಯಾರವರು? ಒಬ್ಬರು ಕ್ರಿಕೆಟ್ ವಿಷಯ ಎತ್ತಿದರು. ನಾನು ಒಣ ರೊಟ್ಟಿ ಮುರಿದು ತಿಂದು ಎದ್ದೆ, ಶೇರ್ ಟ್ಯಾಕ್ಸಿ ಹಿಡಿದು ಸುವೈಕಿಗೆ ಬಂದೆ.

ನಾಲ್ಕಕ್ಷರ ಹೆಚ್ಚು ಓದಿದ್ದರೆ ಹಾಗೆ ಮಾಡುತ್ತಿರಲಿಲ್ಲವಂತೆ. ಇರಬಹುದು. ಪುಣ್ಯಕ್ಕೆ ಓದಲಿಲ್ಲ.

ಏಳನೇ ಕ್ಲಾಸು ಬಿಟ್ಟವನ ಬಳಿ ಈಗ ಇರುವುದು ಇಷ್ಟು: ಲೇಥ್ ಎರಡು, ವೆಲ್ಡಿಂಗ್ ಸೆಟ್ ಒಂದು, ಕೆಲಸಗಾರರು ಐವರು, ಕಫೀಲ್ ಒಬ್ಬರು, ಡ್ರಾಯರಿನಲ್ಲಿ ಗುಂಡು ಸೊನ್ನೆ, ರೂವಿಯಲ್ಲಿ ಶುಕ್ರವಾರ ಊಟಕ್ಕೆ ಕರೆಯುವ ಮನೆ ಸೊನ್ನೆ.