ಒಂದು ಬಡಿತಕ್ಕೆ ನಿಲ್ಲುವ ಜೀಪು

ಇದು ನನಗೇ ಆದದ್ದು. ಯಾರೋ ಹೇಳಿದ್ದಕ್ಕೆ ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ. ನಾನು ನಮ್ಮೂರ ಹತ್ತಿರದ ಅನಂತಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಎಲ್ಲಿಂದಲಾದರೂ ಶಬ್ದ ಬಂದರೆ ನಾನು ಹುಡುಕುವುದು ಸಡಿಲಾದ ನಟ್ಟನ್ನು, ದೆವ್ವವನ್ನಲ್ಲ. ಕಳೆದ ಮಳೆಗಾಲದ ಆ ಒಂದು ರಾತ್ರಿಯವರೆಗೂ ಹಾಗೇ ಇದ್ದೆ.

ಮೊದಲು ಜೀಪಿನ ಕಥೆ ಹೇಳಬೇಕು. ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ.

ನಮ್ಮ ಮನೆ ಬಾಯಾರಿನಿಂದ ಒಳಗೆ, ಮುರಕಲ್ಲಿನ ಗುಡ್ಡದ ಮೇಲೆ. ಮನೆಗೆ ಬರುವ ದಾರಿ ಬೇಸಿಗೆಯಲ್ಲಿ ರಸ್ತೆ, ಮಳೆಗಾಲದಲ್ಲಿ ನೀರು ಹರಿಯುವ ತೋಡು. ಜೂನ್ ಬಂತೆಂದರೆ ಆಟೋದವರು ನಮ್ಮ ಫೋನೇ ಎತ್ತುವುದಿಲ್ಲ. ನಾನು ಹೇಗೋ ನಡೆದು ಇಳಿಯುತ್ತಿದ್ದೆ. ಆದರೆ ಅಮ್ಮನಿಗೆ ಉಬ್ಬಸ. ಮೂವತ್ತು ವರ್ಷ ಬೀಡಿ ಕಟ್ಟಿ ನನ್ನನ್ನು ಸಾಕಿದವಳು. ಆ ಹೊಗೆಸೊಪ್ಪಿನ ಪುಡಿಯೆಲ್ಲ ಅವಳ ಎದೆಯಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿದ್ದರು. ಎರಡು ವರ್ಷದ ಹಿಂದೆ ಒಂದು ಮಳೆಯಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಗುಡ್ಡ ಇಳಿಸಿದ್ದೆವು. ಆವತ್ತೇ ತೀರ್ಮಾನ ಮಾಡಿದೆ, ಫೋರ್‌ವೀಲ್ ಗಾಡಿಯೊಂದು ಬೇಕೇ ಬೇಕು.

ಹೊಸತು ತೆಗೆಯುವ ತಾಕತ್ತು ನನಗಿರಲಿಲ್ಲ. ಹಾಗಾಗಿ ಕಟ್ಟಲು ಹೊರಟೆ. ಹೊಸಂಗಡಿಯ ಹತ್ತಿರ ಸುಂದರಣ್ಣ ಎಂಬ ಹಳೆಯ ಮೆಕ್ಯಾನಿಕ್ ಇದ್ದಾರೆ. ಅವರ ಶೆಡ್ಡಿನಲ್ಲಿ ಆರು ತಿಂಗಳ ಭಾನುವಾರಗಳನ್ನೆಲ್ಲ ಕಳೆದೆ.

"ಗುಡ್ಡ ಹತ್ಲಿಕ್ಕೆ ಅಂತಾದ್ರೆ ದೊಡ್ಡ ಟಯರು ಹಾಕುವ. ದಿನಾ ಡ್ಯೂಟಿಗೆ ಹೋಗ್ಲಿಕ್ಕೆ ಅಂತಾದ್ರೆ ಸಣ್ಣದು ಸಾಕು. ಎರಡೂ ಬೇಕು ಅಂದ್ರೆ ನಿನ್ನ ಆಸೆ ಸ್ವಲ್ಪ ಕಡಿಮೆ ಮಾಡು ಮಾರಾಯ" ಎಂದರು ಸುಂದರಣ್ಣ.

ಆಸೆ ಕಡಿಮೆ ಮಾಡಿದೆ. ಟಯರು ಒಂದೇ ಅಳತೆ ದೊಡ್ಡದು. ಫೋನಿನಲ್ಲಿ ಫೋಟೋ ಹಾಕುವ ಹುಡುಗರ ಜೀಪಿನ ಹಾಗೆ ಎತ್ತರಿಸಲಿಲ್ಲ, ಅಮ್ಮ ಹತ್ತಬೇಕಲ್ಲ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ಮೆದುವಾಗಿಯೇ ಇಟ್ಟೆ. ಗುಜರಿಯಿಂದ ತಂದ ಮುಂದಿನ ಆಕ್ಸಿಲಿಗೆ ಕೈಯಲ್ಲಿ ತಿರುಗಿಸುವ ಲಾಕು ಕೂರಿಸಿದೆ. ಕೆಸರು ಬಂದರೆ ಇಳಿದು ಎರಡೂ ಮುಂದಿನ ಚಕ್ರದ ಲಾಕು ತಿರುಗಿಸಬೇಕು, ಆಗ ನಾಲ್ಕೂ ಚಕ್ರ ಎಳೆಯುತ್ತವೆ; ಟಾರು ಬಂದರೆ ಬಿಡಿಸಬೇಕು. ಆಗ ಡೀಸೆಲ್ಲೂ ಉಳಿಯುತ್ತದೆ, ಹೆದ್ದಾರಿಯಲ್ಲಿ ಗಾಡಿ ಸಾಧುವಾಗಿ ಓಡುತ್ತದೆ.

ಬಾಡಿ ಮಾತ್ರ ಸುಂದರಣ್ಣನ ಶೆಡ್ಡಿನ ಹಿಂದೆಯೇ ಸಿಕ್ಕಿತು. ಬಳ್ಳಿ ಹಬ್ಬಿ ಬಿದ್ದಿದ್ದ ಒಂದು ಟ್ರಿಪ್ ಜೀಪಿನ ಬಾಡಿ.

ನಮ್ಮ ಕಡೆ ಬಸ್ಸು ಬರುವ ಮೊದಲು ಊರೂರಿಗೆ ಓಡುತ್ತಿದ್ದದ್ದು ಈ ಟ್ರಿಪ್ ಜೀಪುಗಳೇ. ಒಳಗೆ ಹದಿನೈದು ಜನ, ಹಿಂದೆ ನೇತಾಡಿಕೊಂಡು ಇನ್ನೈದು. ಬೆಲ್ಲು ಗಿಲ್ಲು ಏನೂ ಇಲ್ಲ. ಸೈಡಿನ ತಗಡಿಗೆ ಕೈಯಲ್ಲಿ ಒಂದು ಬಡಿದರೆ ನಿಲ್ಲಬೇಕು, ಎರಡು ಬಡಿದರೆ ಹೊರಡಬೇಕು. ನಾನು ಚಿಕ್ಕಂದಿನಲ್ಲಿ ಅಮ್ಮನ ತೊಡೆಯ ಮೇಲೆ ಕೂತು ಎಷ್ಟು ಸಲ ಹೋಗಿದ್ದೇನೋ. ಮುಂದೆ ದೊಡ್ಡವನಾಗಿ ಎರಡು ವರ್ಷ ನಾನೇ ಅಂಥದ್ದೊಂದು ಜೀಪು ಓಡಿಸಿದ್ದೆ. ಒಂದು ಬಡಿತ ಕೇಳಿದರೆ ತಲೆಗೆ ಗೊತ್ತಾಗುವ ಮೊದಲು ಕಾಲಿಗೆ ಗೊತ್ತಾಗುತ್ತದೆ.

ಆ ಅಭ್ಯಾಸವೇ ನನಗೆ ಮುಳುವಾಯಿತು.

ಆವತ್ತು ಇಡೀ ದಿನ ಮಳೆ. ಮಧ್ಯಾಹ್ನವೇ ಕರೆಂಟು ಹೋಗಿತ್ತು. ಡ್ಯೂಟಿ ಮುಗಿಸಿ ಏಳು ಗಂಟೆಗೆ ಮನೆ ಮುಟ್ಟಿದಾಗ ಅಮ್ಮ ಗೋಡೆಗೆ ಒರಗಿ ಕೂತು ಏದುಸಿರು ಬಿಡುತ್ತಿದ್ದಳು. ಔಷಧಿಯ ಹಬೆ ಕೊಡುವ ಮಿಷನ್ನು ಕರೆಂಟಿಲ್ಲದೆ ಸತ್ತು ಬಿದ್ದಿತ್ತು. ಬಾಯಿಗೆ ಎಳೆಯುವ ಪಂಪು ಎಷ್ಟು ಒತ್ತಿದರೂ ಪ್ರಯೋಜನವಾಗಲಿಲ್ಲ. ಲಾಟೀನಿನ ಬೆಳಕಿನಲ್ಲಿ ಅವಳ ತುಟಿ ನೀಲಿಯಾಗಿ ಕಂಡಿತು.

"ಇನ್ನು ನೋಡ್ತಾ ಕೂರುದು ಬೇಡ, ಹೊರಡಿ" ಎಂದಳು ನನ್ನ ಹೆಂಡತಿ ವಿದ್ಯಾ. ಮಗಳಿಗೆ ಆಗ ಮೂರೇ ತಿಂಗಳು, ಮಗುವನ್ನು ಬಿಟ್ಟು ವಿದ್ಯಾ ಬರುವ ಹಾಗಿರಲಿಲ್ಲ. ಇಬ್ಬರೂ ಸೇರಿ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಶಾಲಿನಿಂದ ಸೀಟಿಗೆ ಕಟ್ಟಿದೆವು.

ಚಕ್ರಗಳ ಲಾಕು ತಿರುಗಿಸಿ, ಲೋ ಗೇರಿನಲ್ಲಿ ಗುಡ್ಡ ಇಳಿಸಿದೆ. ಕೆಂಪು ನೀರು ಬಾನೆಟ್ಟಿನ ತನಕ ಹಾರುತ್ತಿತ್ತು. ಜೀಪು ಒಂದು ಕಡೆಯೂ ಜಾರಲಿಲ್ಲ. ನಿಜ ಹೇಳುತ್ತೇನೆ, ಆ ಸಂಕಟದಲ್ಲೂ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಟಾರು ರಸ್ತೆ ಸಿಕ್ಕಿತು. ಇಳಿದು ಲಾಕು ಬಿಡಿಸಿ ಮತ್ತೆ ಹತ್ತಿದೆ. ಇನ್ನು ಅರ್ಧ ಗಂಟೆಯಲ್ಲಿ ಹೆದ್ದಾರಿ, ಅಲ್ಲೇ ಆಸ್ಪತ್ರೆ.

ಹಳೆಯ ಕಲ್ಲುಕೋರೆಯ ತಿರುವಿನಲ್ಲಿ ಬ್ರೇಕು ಹಿಡಿದು ನಿಧಾನ ಮಾಡಿದೆ...

ಢಣ್.

ಎಡಬದಿಯ ತಗಡಿಗೆ ಯಾರೋ ಅಂಗೈಯಲ್ಲಿ ಬಡಿದ ಹಾಗೆ. ಒಂದೇ ಒಂದು.

ನನ್ನ ಕಾಲು ಬ್ರೇಕಿನ ಮೇಲೆ ಕೂತೇಬಿಟ್ಟಿತು. ಜೀಪು ನಿಂತಿತು. ಕೊಂಬೆ ಬಿದ್ದಿರಬೇಕು ಎಂದು ತಿರುಗಿ ನೋಡಿದೆ. ಹಿಂದೆ ಟರ್ಪಾಲು, ಸ್ಟೆಪ್ನಿ, ಕತ್ತಲೆ. ಬೇರೇನೂ ಇರಲಿಲ್ಲ.

ಆಗ ಜೀಪಿನ ಹಿಂಬದಿ ಮೆಲ್ಲನೆ ಕುಸಿಯಿತು... ಯಾರೋ ಮೆಟ್ಟಿಲಿಗೆ ಕಾಲಿಟ್ಟು ಹತ್ತಿದ ಹಾಗೆ. ಆ ಸ್ಪ್ರಿಂಗಿನ ಒಂದೊಂದು ಪ್ಲೇಟನ್ನೂ ನಾನೇ ಜೋಡಿಸಿದ್ದು. ಒಂದು ಆಳಿನ ಭಾರ ಬಿದ್ದರೆ ನನ್ನ ಸೀಟಿಗೆ ಗೊತ್ತಾಗುತ್ತದೆ.

ಢಣ್ ಢಣ್.

ಎರಡು. ಹೊರಡಲು.

ಹೊರಟೆ. ಏನು ಮಾಡಲಿ? ಪಕ್ಕದಲ್ಲಿ ಅಮ್ಮನ ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಇಳಿದು ಟಾರ್ಚು ಹಿಡಿದು ಪರೀಕ್ಷೆ ಮಾಡುವ ಹೊತ್ತೇ ಅದು? ಬೆನ್ನು ಹಾಕಿ ಕೂತು ಗೇರು ಬದಲಿಸಿದೆ. ಆಗಲೇ ವಾಸನೆ ಬಂತು. ನೀರಿನಲ್ಲಿ ನೆನೆಸಿದ ಬೀಡಿ ಎಲೆಯದು, ಹೊಗೆಸೊಪ್ಪಿನದು... ನಾನು ಹುಟ್ಟಿ ಬೆಳೆದ ವಾಸನೆ ಅದು. ಅಮ್ಮ ಬೀಡಿ ಕಟ್ಟುವುದು ಬಿಟ್ಟು ಹತ್ತು ವರ್ಷದ ಮೇಲಾಗಿದೆ.

"ಕಮಲ ಕಾಯ್ತಾ ಇದ್ದಾಳೆ" ಎಂದಳು ಅಮ್ಮ.

ನಾನು ಬೆಚ್ಚಿಬಿದ್ದೆ. ಮನೆಯಿಂದ ಹೊರಟ ಮೇಲೆ ಅವಳ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಬರುವಷ್ಟು ಉಸಿರೂ ಇರಲಿಲ್ಲ.

"ಯಾವ ಕಮಲ ಅಮ್ಮಾ?"

"ಮಿಲ್ಲಿನ ಹತ್ರ. ಅವಳನ್ನು ಬಿಟ್ಟು ಹೋಗ್ಬೇಡ."

ಕಮಲಕ್ಕ ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದವರು. ಪ್ರತಿ ಶನಿವಾರ ನಾಲ್ಕೈದು ಹೆಂಗಸರು ಕಟ್ಟಿದ ಬೀಡಿ ಹೊತ್ತುಕೊಂಡು ಟ್ರಿಪ್ ಜೀಪಿನಲ್ಲಿ ಬೀಡಿ ಬ್ರಾಂಚಿಗೆ, ಅಂದರೆ ಕಂಪನಿಯವರು ಬೀಡಿ ತೆಗೆದುಕೊಳ್ಳುವಲ್ಲಿಗೆ, ಹೋಗುತ್ತಿದ್ದರು. ಕಮಲಕ್ಕ ಹತ್ತುತ್ತಿದ್ದದ್ದು ಅಕ್ಕಿಮಿಲ್ಲಿನ ಹತ್ತಿರ, ನಿಜ. ಆದರೆ ಅವರ ಬೊಜ್ಜದ ಊಟಕ್ಕೆ, ಅಂದರೆ ಸತ್ತ ಹನ್ನೊಂದನೆಯ ದಿನದ ಊಟಕ್ಕೆ ನಾನೇ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ.

ಮಿಲ್ಲು ಬಂತು. ಈ ಸಲ ನಿಲ್ಲಿಸಬಾರದು ಎಂದು ಆಕ್ಸಿಲರೇಟರ್ ತುಳಿದೆ.

ಢಣ್.

ಇಂಜಿನ್ನು ತಾನಾಗಿ ಆಫ್ ಆಯಿತು. ಜೀಪು ಉರುಳಿಕೊಂಡು ಹೋಗಿ ಸರಿಯಾಗಿ ಮಿಲ್ಲಿನ ಗೇಟಿನ ಎದುರು ನಿಂತಿತು. ಕೀ ತಿರುಗಿಸಿದೆ. ಕುಯ್ಯಿಂ ಕುಯ್ಯಿಂ ಎಂದಿತೇ ಹೊರತು ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ, ಇಲ್ಲ. ಫೋನು ತೆಗೆದರೆ ಸಿಗ್ನಲ್ ಇಲ್ಲ. ಮಳೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಮೂರು ಊರಿನ ಗುಜರಿ ಹುಡುಕಿ ಕಟ್ಟಿದ ಗಾಡಿ, ಒಂದೊಂದು ನಟ್ಟಿನ ಗುರುತಿರುವ ಗಾಡಿ, ಅಮ್ಮನಿಗೋಸ್ಕರವೇ ಕಟ್ಟಿದ ಗಾಡಿ... ಅದರಲ್ಲಿ ಕೂತು ನಾನು ಸ್ಟೀಯರಿಂಗಿಗೆ ಹಣೆ ಚಚ್ಚಿಕೊಂಡೆ.

ಹಿಂಬದಿ ಮತ್ತೊಂದು ಆಳಿನಷ್ಟು ಕುಸಿಯಿತು.

ಢಣ್ ಢಣ್. ಕೀ ಮುಟ್ಟಿದ್ದೇ ತಡ, ಇಂಜಿನ್ನು ಸ್ಟಾರ್ಟ್ ಆಯಿತು.

ಹೀಗೆ ಇನ್ನೂ ಎರಡು ಕಡೆ ನಿಂತೆವು. ಪ್ರತಿ ಸಲ ಮೊದಲು ಅಮ್ಮ ಹೆಸರು ಹೇಳುವುದು, ಆಮೇಲೆ ಬಡಿತ, ಆಮೇಲೆ ಇಂಜಿನ್ನು ಬಂದ್. ಹೇಳಿದ ಹೆಸರಿನವರಲ್ಲಿ ಒಬ್ಬರೂ ಈಗ ಬದುಕಿಲ್ಲ. ನಾನು ಬೈದೆ, ಬೇಡಿಕೊಂಡೆ. "ನಿಮಗೆ ಎಂತ ಬೇಕು? ಅಮ್ಮನನ್ನು ಆಸ್ಪತ್ರೆಗೆ ಮುಟ್ಟಿಸ್ಲಿಕ್ಕೆ ಬಿಡಿ" ಎಂದು ಹಿಂದೆ ತಿರುಗದೆಯೇ ಕೈಮುಗಿದೆ. ಬಳೆಗಳ ಸಣ್ಣ ಸದ್ದು ಬಂತು, ಹೆಂಗಸರು ಒತ್ತಿಕೊಂಡು ಜಾಗ ಮಾಡಿಕೊಳ್ಳುವಾಗ ಬರುವಂಥದ್ದು.

ಮತ್ತೊಂದು ವಿಷಯ ನನ್ನನ್ನು ಇನ್ನೂ ಹೆದರಿಸಿತು. ಅಮ್ಮನ ಏದುಸಿರು ನಿಂತಿತ್ತು. ಮುಖದಲ್ಲಿ ಸಂಕಟವೇ ಇರಲಿಲ್ಲ. ಶನಿವಾರ ಹೊರಡುವಾಗಿನ ಅವಳ ಮುಖ ಅದು. ಸಮಾಧಾನವಾಗಿ ಕೂತಿದ್ದಳು. ಆದರೆ ಕೈ ಮುಟ್ಟಿದರೆ ಮಂಜುಗಡ್ಡೆ.

ಮುಂದಿನ ಇಳಿಜಾರಿನ ಕೊನೆಗೆ ಬೀಡಿ ಬ್ರಾಂಚು. ಈಗ ಮುಚ್ಚಿ, ಹಂಚು ಕುಸಿದ ಕಟ್ಟಡ. ಆ ಹೆಂಗಸರೆಲ್ಲ ಇಳಿಯುತ್ತಿದ್ದದ್ದು ಅಲ್ಲಿಯೇ. ಅಮ್ಮ ಕೂಡ.

ಅಲ್ಲಿ ನಿಂತರೆ ಅಮ್ಮನೂ ಅವರ ಜೊತೆ ಇಳಿದುಬಿಡುತ್ತಾಳೆ ಎಂದು ನನಗೆ ಆಗ ಹೊಳೆಯಿತು.

ಅಮ್ಮ ಕಟ್ಟಿದ್ದ ಶಾಲಿನಿಂದ ಬಲಗೈ ಬಿಡಿಸಿಕೊಂಡಳು. ಮೆಲ್ಲಗೆ ಎತ್ತಿದಳು. ಎದುರಿನ ತಗಡಿಗೆ ತಾನೇ ಬಡಿದಳು.

ಢಣ್.

ಇಂಜಿನ್ನು ಸತ್ತಿತು. ನನ್ನ ಕಾಲು ಬ್ರೇಕಿನ ಕಡೆಗೆ ಹೋಯಿತು. ನಾನು ಹೋಗೆಂದು ಹೇಳಿರಲಿಲ್ಲ, ಅದು ಹೋಯಿತು. ಎರಡೂ ಕಾಲನ್ನು ಎತ್ತಿ ಸೀಟಿನ ಮೇಲೆ ಮಡಚಿಕೊಂಡೆ. ಗೇರನ್ನು ನ್ಯೂಟ್ರಲ್ಲಿಗೆ ಎಳೆದು ಬಿಟ್ಟೆ. ಜೀಪು ಇಳಿಜಾರಿನಲ್ಲಿ ಸುಮ್ಮನೆ ಉರುಳಿತು.

ಹಿಂದಿನಿಂದ ಬಡಿತ ಶುರುವಾಯಿತು. ಒಂದಲ್ಲ, ಎರಡಲ್ಲ... ಎರಡೂ ಬದಿಯ ತಗಡಿಗೆ, ಟಾಪಿಗೆ, ನನ್ನ ಸೀಟಿನ ಬೆನ್ನಿಗೆ. ಹಲ್ಲು ಕಚ್ಚಿ ಸ್ಟೀಯರಿಂಗು ಹಿಡಿದುಕೊಂಡೆ.

"ನಿಲ್ಲಿಸು ಮಗ" ಎಂದಳು ಅಮ್ಮ. "ಇಳಿಬೇಕು ನಂಗೆ."

"ಇಲ್ಲಮ್ಮ."

"ಎಲ್ಲ ಇಳಿತಾರೆ, ನೋಡು..."

"ಇಲ್ಲ ಅಂದ್ರೆ ಇಲ್ಲ!" ಎಂದು ಕಿರುಚಿದೆ. ಬ್ರಾಂಚಿನ ಕಟ್ಟಡ ಎಡಕ್ಕೆ ಹಾದುಹೋಯಿತು. ಹಿಂಬದಿ ಒಮ್ಮೆಲೇ ಹಗುರಾಗಿ ಮೇಲೆದ್ದಿತು. ಬಡಿತ ನಿಂತಿತು. ಕಾಲಿಳಿಸಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟೆ. ಇಂಜಿನ್ನು ಕೆಮ್ಮಿ ಹಿಡಿದುಕೊಂಡಿತು. ಅದೇ ಕ್ಷಣಕ್ಕೆ ಅಮ್ಮನ ಏದುಸಿರೂ ಮತ್ತೆ ಶುರುವಾಯಿತು. ಆ ಕರ್ಕಶ ಸದ್ದು ಕೇಳಿ ನಾನು ಸಂತೋಷದಿಂದ ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನೊಂದು ಹತ್ತು ನಿಮಿಷ ತಡ ಆಗಿದ್ರೆ ಕಷ್ಟ ಇತ್ತು" ಎಂದರು. ಐದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಹಗಲು ಹೊತ್ತಿನಲ್ಲೇ ಕರೆತಂದೆ, ದಾರಿಯುದ್ದಕ್ಕೂ ಅಮ್ಮ ನಿದ್ದೆಯಲ್ಲಿದ್ದಳು, ಒಂದು ಬಡಿತವೂ ಕೇಳಲಿಲ್ಲ.

ಜೀಪನ್ನು ಸುಂದರಣ್ಣನ ಹತ್ತಿರ ಬಿಟ್ಟು ಬುಡದಿಂದ ತಲೆಯವರೆಗೆ ಬಿಚ್ಚಿಸಿದೆ. ಡೀಸೆಲ್ ಪಂಪಿನ ಒಂದು ವೈರು ಸ್ವಲ್ಪ ಸಡಿಲವಿತ್ತು. ಇಂಜಿನ್ನು ನಿಂತದ್ದಕ್ಕೆ ಅದೇ ಕಾರಣ ಇರಬಹುದು, ಫಿಟ್ಟರನಾಗಿ ನಾನು ಒಪ್ಪುತ್ತೇನೆ. ಉಳಿದದ್ದಕ್ಕೆ ಯಾವ ವೈರನ್ನು ಹಿಡಿಯಲಿ?

"ಈ ಬಾಡಿ ಎಲ್ಲಿಯಾದ್ರೂ ಆಕ್ಸಿಡೆಂಟ್ ಆದದ್ದಾ?" ಎಂದು ಕೇಳಿದೆ.

"ಎಂತ ಆಕ್ಸಿಡೆಂಟು? ಒಂದು ಗೀರು ಬಿದ್ದದ್ದಿಲ್ಲ ಅದಕ್ಕೆ. ಬಸ್ಸು ಬಂತು, ಜನ ಇಲ್ಲ, ನಿಂತಿತು. ಅಷ್ಟೆ" ಎಂದರು ಸುಂದರಣ್ಣ. ಆಮೇಲೆ ನನ್ನ ಮುಖ ನೋಡಿ, "ಯಾಕೆ, ಎಂತ ಆಯ್ತು?" ಎಂದರು. ನಾನು ಆ ಸಡಿಲ ವೈರನ್ನು ಬಿಗಿ ಮಾಡತೊಡಗಿದೆ.

ಮಾರಿಬಿಡು ಎನ್ನುವಿರಿ. ಮಾರಿ ಏನು ಮಾಡಲಿ? ಆ ಗುಡ್ಡ ಹತ್ತುವ ಬೇರೆ ಗಾಡಿ ನನ್ನಲ್ಲಿಲ್ಲ. ಈಗಲೂ ಅದರಲ್ಲೇ ದಿನಾ ಕೆಲಸಕ್ಕೆ ಹೋಗುತ್ತೇನೆ, ಅದೇ ಬ್ರಾಂಚಿನ ಎದುರಿನಿಂದ. ಒಬ್ಬನೇ ಇರುವಾಗ ಏನೂ ಆಗುವುದಿಲ್ಲ.

ಅಮ್ಮ ತುಂಬಾ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟಲ್ಲ, ಏನೋ ಒಂದು ಬೇಸರ. ಅವಳಿಗೆ ಆ ರಾತ್ರಿಯ ನೆನಪೇ ಇಲ್ಲ ಎಂದುಕೊಂಡಿದ್ದೆ. ಮೊನ್ನೆ ಊಟದ ಹೊತ್ತಿಗೆ, ಎರಡು ತುತ್ತಿಗೊಮ್ಮೆ ಉಸಿರು ಸುಧಾರಿಸಿಕೊಳ್ಳುತ್ತಾ, ತಾನಾಗಿಯೇ ಹೇಳಿದಳು.

"ಆವತ್ತು ಜೀಪಿನಲ್ಲಿ ನಂಗೆ ಉಬ್ಬಸವೇ ಇರ್ಲಿಲ್ಲ ಮಗ. ಎಷ್ಟು ಹಾಯಾಗಿತ್ತು ಗೊತ್ತುಂಟಾ? ಅವರೆಲ್ಲ ಇಳಿದು ರಸ್ತೆ ಬದಿಯಲ್ಲಿ ನಿಂತು ನನ್ನನ್ನೇ ನೋಡ್ತಾ ಇದ್ರು."

ಬರುವ ಮಂಗಳವಾರ ಅವಳನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕು. ಇರುವುದು ಅದೊಂದೇ ರಸ್ತೆ, ಅದೊಂದೇ ಜೀಪು. ನಿನ್ನೆ ಮಲಗುವ ಮೊದಲು ನನ್ನನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ ಕೇಳಿದಳು:

"ಇನ್ನೊಮ್ಮೆ ನಾನು ಬಡಿದ್ರೆ ನಿಲ್ಲಿಸ್ತಿ ಅಲ್ವಾ?"

ಆಯ್ತಮ್ಮ ಎಂದೆ. ಅದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ.