ಅತ್ತೆಯ ಬೆರಳು ಮತ್ತು ಒಂದು ಚಮಚ ಕುಂದಾ

ರೋಗಕ್ಕೆ ಔಷಧ, ಅಷ್ಟೇ. ನಡುವೆ ಮನಸ್ಸು, ನೆನಪು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಕ್ಯಾಂಪ್ ಬಡಾವಣೆಯ ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿದ್ದೆ. ಆ ನಗು ಹೇಗೆ ನಿಂತಿತೆಂದು ಹೇಳುತ್ತೇನೆ; ನೀವು ನಂಬದಿದ್ದರೂ ಬೇಸರವಿಲ್ಲ.

ನನ್ನನ್ನು ಸಾಕಿದ ಸೋದರತ್ತೆ ಖಾನಾಪುರದಲ್ಲಿದ್ದಳು. ಬೆರಳ ಗಂಟುಗಳು ಬಾತು, ನಿತ್ಯ ಪೂಜೆಗೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿಯುವುದೇ ಕಷ್ಟವಾಗಿತ್ತು. ಉಳಿದ ನೋವನ್ನೆಲ್ಲ ನಕ್ಕು ಮರೆಸುವವಳು ಇದಕ್ಕೆ ಮಾತ್ರ ಅಳುತ್ತಿದ್ದಳು. ನಮ್ಮ ಡಾಕ್ಟರು ಗುಳಿಗೆ ಕೊಟ್ಟರು. ಅಬ್ಬಾ, ಎಂಥ ಕಹಿ! ಅದಕ್ಕೇ ಪ್ರತಿ ಶನಿವಾರ ರೈಲಿನಲ್ಲಿ ಗುಳಿಗೆಯ ಜೊತೆ ನಮ್ಮೂರಿನ ಹಾಲಿನ ಸಿಹಿ ಕುಂದಾವನ್ನೂ ಒಯ್ಯುತ್ತಿದ್ದೆ. ಗುಳಿಗೆ ನುಂಗಿದೊಡನೆ ಒಂದು ಚಮಚ ಕುಂದಾ. ಆರು ತಿಂಗಳಲ್ಲಿ ಬೆರಳು ಮಡಚತೊಡಗಿದವು.

ಒಂದು ಶನಿವಾರ ಸಕ್ಕರೆ ಹುಡುಕುತ್ತ ಡಬ್ಬಿ ತೆಗೆದರೆ, ಎರಡು ತಿಂಗಳ ಗುಳಿಗೆ ಹಾಗೇ ಬಿದ್ದಿವೆ!

“ಅತ್ತಿ, ಇದೇನ ಮಾಡೀದಿ?”

“ಸಿಟ್ಟಾಗಬ್ಯಾಡೋ ಯಪ್ಪಾ. ಅದರ ವಾಸನಿಗೇ ಹೊಟ್ಟಿ ತೊಳಸತಿತ್ತು. ಬರೇ ಕುಂದಾ ತಿಂದೆ. ಕೈ ನೋಡು, ಛಲೋ ಐತೋ ಇಲ್ಲೋ?”

ಛಲೋ ಇತ್ತು, ಖರೇ. ನನಗೋ ರೇಗಿತು. ರೋಗ ತಾನಾಗಿಯೇ ಇಳಿದಿರಬೇಕು, ನೋಡೇಬಿಡೋಣವೆಂದು ಮುಂದಿನ ಮೂರು ಶನಿವಾರ ಕುಂದಾದ ಅಂಗಡಿ ಮುಚ್ಚಿತ್ತೆಂದು ಸುಳ್ಳು ಹೇಳಿ ಬರಿಗೈಯಲ್ಲಿ ಹೋದೆ. ಮೂರನೆಯ ಸಲ ಅವಳ ಬೆರಳು ಎಳೆ ಬದನೆಕಾಯಿಯಂತೆ ಬಾತಿದ್ದವು. ಲಿಂಗ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಎಲ್ಲಿ ಜಾರೀತೋ ಎಂದು ನನ್ನ ಅಂಗೈಯನ್ನು ಅವಳ ಅಂಗೈ ಕೆಳಗಿಟ್ಟು ಪೂಜೆ ಮುಗಿಯುವವರೆಗೂ ಕೂತೆ.

“ನೀ ಅದಿಯಲ್ಲ, ಬಿಡು,” ಎಂದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನವೇ ಕುಂದಾ ಒಯ್ದೆ. ಗುಳಿಗೆಯನ್ನು ಅವಳು ಮುಟ್ಟಲೇ ಇಲ್ಲ. ಆದರೂ ಹತ್ತು ದಿನದಲ್ಲಿ ಬಾವು ಇಳಿಯಿತು! ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ.

“ಮೊದಲ ಗುಳಿಗಿ, ಕುಂದಾ ಕೂಡೇ ತಿಂದು ತಿಂದು, ಗುಳಿಗಿ ಮಾಡೋ ಕೆಲಸಾನ ನರಗಳು ಕಲತಿರಬೇಕು. ನಾಲಿಗಿಗೆ ಕುಂದಾ ಹತ್ತಿದ ಕೂಡ್ಲೇ ಮೈಗೆ ಹುಕುಂ ಹೋಗ್ತದೇನೋ. ನನಗೂ ಪೂರಾ ಗೊತ್ತಿಲ್ಲಪಾ,” ಎಂದರು.

ಈಗ ಅತ್ತೆ ಇಲ್ಲ. ನನ್ನ ಬೆರಳೂ ಬಾಯುತ್ತವೆ. ಕುಂದಾ ತಿಂದು ನೋಡಿದೆ, ಏನೂ ಆಗಲಿಲ್ಲ. ಅವಳ ಮೈ ಅದನ್ನು ಹೇಗೆ ಕಲಿಯಿತೋ, ಇಂದಿಗೂ ತಿಳಿಯದು. ಆ ಮೂರು ಶನಿವಾರದ ಸುಳ್ಳನ್ನು ಅವಳಿಗೆ ಹೇಳಲೇ ಇಲ್ಲ. ಬೆಳಿಗ್ಗೆ ಲಿಂಗ ಹಿಡಿದಾಗ ಕೈ ನಡುಗಿದರೆ, ಕೆಳಗೆ ಅವಳ ಅಂಗೈ ಇದೆಯೆಂದುಕೊಳ್ಳುತ್ತೇನೆ. ನಡುಕ ನಿಲ್ಲುತ್ತದೆ. ಬಾವು ಮಾತ್ರ ಇಳಿಯುವುದಿಲ್ಲ.